ಹೊಗೆಸೊಪ್ಪಿನ ಸೀಮೆ ಮತ್ತು ಮೇಲ್ಮನೆಯ ಮಾತು

ಮೇ ತಿಂಗಳ ಮಳೆ ಬಿದ್ದರೆ ಸಾಕು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಕೆಂಪು ಹೊಲಗಳಿಗೆ ಹೊಗೆಸೊಪ್ಪಿನ ಸಸಿ ಇಳಿಯುತ್ತದೆ. ನಾಲ್ಕೂ ತಾಲ್ಲೂಕುಗಳಲ್ಲಿ ಬೆಳೆಯುವುದು ಅದೇ ವರ್ಜೀನಿಯಾ ತಂಬಾಕು, ಎಲೆ ಬೇಯಿಸುವುದು ಬ್ಯಾರನ್ ಎಂಬ ಅದೇ ಬಗೆಯ ಮನೆಯಲ್ಲಿ, ಮಾರುವುದು ತಂಬಾಕು ಮಂಡಳಿಯ ಹರಾಜಿನಲ್ಲಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾದ ಮೇಲೂ ಈ ಸೀಮೆಯ ಬದುಕು ಒಂದೇ ದಾರದಲ್ಲಿ ಹೆಣೆದುಕೊಂಡಿದೆ.

ಲೋಕಸಭೆಯ ನಕ್ಷೆ ಮಾತ್ರ ಈ ಸೀಮೆಯನ್ನು ಮೂರು ಪಾಲು ಮಾಡಿದೆ. ಹುಣಸೂರು, ಪಿರಿಯಾಪಟ್ಟಣ ಮೈಸೂರು ಕ್ಷೇತ್ರದಲ್ಲಿವೆ, ಕೆ.ಆರ್. ನಗರ ಮಂಡ್ಯದಲ್ಲಿದೆ, ಕೋಟೆ ಚಾಮರಾಜನಗರದಲ್ಲಿದೆ. ಮೂವರು ಸಂಸದರಲ್ಲಿ ಯಾರಿಗೂ ತಂಬಾಕು ಸೀಮೆ ಇಡಿಯಾಗಿ ತನ್ನದಲ್ಲ. ವಿಧಾನಸಭೆಯಲ್ಲಿ ನಾಲ್ಕು ಕ್ಷೇತ್ರಕ್ಕೆ ನಾಲ್ವರು ಶಾಸಕರು. ಈ ಸೀಮೆಯನ್ನು ಒಂದಾಗಿ ನೋಡಬಲ್ಲ ಪೀಠಗಳಿರುವುದು ಮೇಲ್ಮನೆಗಳಲ್ಲಿ. ವಿಧಾನ ಪರಿಷತ್ತಿನ ಮೈಸೂರು–ಚಾಮರಾಜನಗರ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ನಾಲ್ಕೂ ತಾಲ್ಲೂಕುಗಳನ್ನು ಒಳಗೊಂಡಿದೆ, ಅಲ್ಲಿಂದ ಇಬ್ಬರು ಆಯ್ಕೆಯಾಗುತ್ತಾರೆ. ರಾಜ್ಯಸಭೆಯಲ್ಲಿ ಇಡೀ ಕರ್ನಾಟಕದ ಪರವಾಗಿ 12 ಸದಸ್ಯರಿದ್ದಾರೆ. ಅದಲ್ಲದೆ 1975ರ ತಂಬಾಕು ಮಂಡಳಿ ಕಾಯ್ದೆಯ ಪ್ರಕಾರ ಮಂಡಳಿಗೆ ಸಂಸತ್ತಿನಿಂದ ಹೋಗುವ ಮೂವರಲ್ಲಿ ಒಬ್ಬರನ್ನು ರಾಜ್ಯಸಭೆಯೇ ಆರಿಸಿ ಕಳಿಸಬೇಕು.

ಹಾಗಾಗಿ ಮೇಲ್ಮನೆಯಲ್ಲಿ ಒಬ್ಬ ಸದಸ್ಯರು ಏನು ಕೇಳಿದರು, ಸರ್ಕಾರದಿಂದ ಏನು ಹೇಳಿಸಿದರು ಎಂಬುದು ಈ ನಾಲ್ಕು ತಾಲ್ಲೂಕುಗಳಿಗೆ ಬರೀ ರಾಜಕೀಯ ಸುದ್ದಿಯಲ್ಲ. ಸೀಮೆಯ ಮೇಲೆ ಅಪಾಯವೊಂದು ಬರುತ್ತಿದೆ. ಅದರ ಪುರಾವೆಗಳು ಆಗಲೇ ಮುಂದಿವೆ. ಅವು ಸದನದ ಕಡತಕ್ಕೆ ಸೇರದಿದ್ದರೆ ಅಪಾಯ ಬಂದ ದಿನ ಸರ್ಕಾರದ ಕೈ ಬರಿದಾಗಿರುತ್ತದೆ.

ಇಬ್ಬನಿಯಲ್ಲಿರುವ ವಿಷ

ಮೊದಲ ಪುರಾವೆ ಹೊಲದಲ್ಲೇ ಇದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎಲೆ ಮುರಿಯುವ ಕಾಲ. ಬುಡದ ಎಲೆ ಮೊದಲು ಹಣ್ಣಾಗುತ್ತದೆ, ಆಮೇಲೆ ಮೇಲಿನವು. ಬೆಳಗ್ಗೆ ಬೇಗ ಹೊಲಕ್ಕಿಳಿದು, ಬಗ್ಗಿ ಎರಡು ಮೂರು ಎಲೆ ಮುರಿದು, ಕಂಕುಳಲ್ಲಿ ಒತ್ತಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತಾರೆ. ಸೋನೆ ಮಳೆಗೋ ಇಬ್ಬನಿಗೋ ಎಲೆ ತೊಯ್ದಿರುತ್ತದೆ. ಅರ್ಧ ಗಂಟೆಯೊಳಗೆ ರವಿಕೆ, ಅಂಗಿ, ತೋಳು ಎಲ್ಲ ಒದ್ದೆ. ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ.

ತಂಬಾಕಿನ ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕ ನೇರ ರಕ್ತಕ್ಕೆ ಸೇರುತ್ತದೆ. ಹೊಗೆಸೊಪ್ಪಿನ ಮೇಲಿನ 100 ಮಿಲಿ ಲೀಟರ್ ಇಬ್ಬನಿಯಲ್ಲಿ 9 ಮಿಲಿ ಗ್ರಾಂವರೆಗೆ ನಿಕೋಟಿನ್ ಇರಬಹುದೆಂದು ಅಧ್ಯಯನಗಳು ದಾಖಲಿಸಿವೆ. ಸಂಜೆ ಹೊತ್ತಿಗೆ ತಲೆ ಸುತ್ತು, ವಾಂತಿ, ತಲೆನೋವು, ಸುಸ್ತು, ಹೊಟ್ಟೆ ಸೆಳೆತ. 1970ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವೈದ್ಯರು ಇದನ್ನು ಒಂದು ಕಾಯಿಲೆಯೆಂದು ಗುರುತಿಸಿದರು. ಇದಕ್ಕೆ ಹಸಿ ತಂಬಾಕಿನ ಕಾಯಿಲೆ ಎಂದು ಹೆಸರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಗುಜರಾತಿನ ತಂಬಾಕು ಕಾರ್ಮಿಕರಲ್ಲೂ ಇದನ್ನು ಕಂಡು ವರದಿ ಮಾಡಿದ್ದಾರೆ. ಬೀಡಿ, ಸಿಗರೇಟು ಸೇದದ ಹೆಂಗಸರಿಗೆ, ಮಕ್ಕಳಿಗೆ ಇದು ಹೆಚ್ಚು ಬಾಧಿಸುತ್ತದೆ, ಏಕೆಂದರೆ ಅವರ ಮೈಗೆ ನಿಕೋಟಿನ್ ಹೊಸದು.

ಈ ಲಕ್ಷಣಗಳು ಕೀಟನಾಶಕದ ವಿಷವನ್ನೇ ಹೋಲುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ಕಾಯಿಲೆಯ ತರಬೇತಿ ಇಲ್ಲದಿದ್ದರೆ ಔಷಧಿ ಹೊಡೆದದ್ದು ತಾಗಿದೆ ಎಂದೋ ಬಿಸಿಲಿಗೆ ಹೀಗಾಗಿದೆ ಎಂದೋ ಚೀಟಿ ಬರೆಯುತ್ತಾರೆ. ಚೀಟಿಯಲ್ಲಿ ಹೆಸರಿಲ್ಲದ ಕಾಯಿಲೆ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬರದ ಕಾಯಿಲೆಗೆ ಅನುದಾನ ಸಿಗುವುದಿಲ್ಲ. ತಡೆಯುವ ದಾರಿ ಮಾತ್ರ ದುಬಾರಿಯದಲ್ಲ. ಎಲೆ ಒಣಗಿದ ಮೇಲೆ ಮುರಿಯುವುದು, ನೀರು ಹಿಡಿಯದ ಮೇಲಂಗಿ ಮತ್ತು ಕೈಗವಸು ಹಾಕುವುದು, ಒದ್ದೆ ಬಟ್ಟೆ ಬೇಗ ಬದಲಿಸಿ ಸೋಪಿನಲ್ಲಿ ಮೈ ತೊಳೆಯುವುದು. ಇದನ್ನು ಹೇಳಿಕೊಡುವವರು ಬೇಕು, ಕೂಲಿಯವರ ಕೈಗೆ ಮೇಲಂಗಿ ಕೊಡುವವರು ಬೇಕು.

ಬ್ಯಾರನ್ ನುಂಗುವ ಮರ

ಎರಡನೆಯ ಪುರಾವೆ ಬ್ಯಾರನ್ನಿನ ಒಲೆಯ ಬಾಯಲ್ಲಿದೆ. ಮುರಿದ ಎಲೆಯನ್ನು ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಡ್ಡುತ್ತಾರೆ. ಬಿಸಿ ಹೊಗೆ ತಗಡಿನ ಕೊಳವೆಯೊಳಗೆ ಹರಿದು ಮನೆಯನ್ನು ಕಾಯಿಸುತ್ತದೆ, ಹೊಗೆ ಎಲೆಗೆ ತಾಗಬಾರದು. ಮೊದಲು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಲೆ ಹಳದಿಯಾಗಬೇಕು. ಆಮೇಲೆ ಬಣ್ಣ ಹಿಡಿಯಬೇಕು. ಕೊನೆಗೆ ನಡುನರ ಒಣಗಲು ಕಾವು 70 ಡಿಗ್ರಿ ಹತ್ತಿರ ಹೋಗಬೇಕು. ಇದಕ್ಕೆ ಐದಾರು ಹಗಲು, ಐದಾರು ರಾತ್ರಿ. ರಾತ್ರಿ ಕಣ್ಣು ಮುಚ್ಚಿ ಒಲೆ ಆರಿದರೆ ಎಲೆ ಕಪ್ಪಾಗಿ ದರ ಬೀಳುತ್ತದೆ. ಕಾವು ಹೆಚ್ಚಾಗಿ ಎಲೆ ಉದುರಿ ಕೊಳವೆಗೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ.

ಒಂದು ಕಿಲೋ ಹದವಾದ ಎಲೆಗೆ ನಾಲ್ಕರಿಂದ ಐದು ಕಿಲೋ ಸೌದೆ ಬೇಕು. ಕರ್ನಾಟಕಕ್ಕೆ ಮಂಡಳಿ ನಿಗದಿ ಮಾಡುವ ವರ್ಜೀನಿಯಾ ತಂಬಾಕಿನ ಪ್ರಮಾಣ ಇತ್ತೀಚಿನ ವರ್ಷಗಳಲ್ಲಿ 10 ಕೋಟಿ ಕಿಲೋ ಆಸುಪಾಸಿನಲ್ಲಿದೆ. ಅದರ ಬಹುಪಾಲು ಬರುವುದು ಈ ನಾಲ್ಕು ತಾಲ್ಲೂಕುಗಳಿಂದ, ಉಳಿದದ್ದು ಅರಕಲಗೂಡು ಕಡೆಯಿಂದ. ಕಡಿಮೆ ಲೆಕ್ಕ ಹಿಡಿದರೂ ಒಂದು ಹಂಗಾಮಿಗೆ 4 ಲಕ್ಷ ಟನ್ ಸೌದೆ. ಲಾರಿಗೆ 10 ಟನ್‌ನಂತೆ 40 ಸಾವಿರ ಲಾರಿ. ಇದು ಪರವಾನಗಿಯ ಲೆಕ್ಕ ಮಾತ್ರ. ನಿಗದಿಗಿಂತ ಹೆಚ್ಚು ಬೆಳೆದದ್ದು, ಪರವಾನಗಿ ಇಲ್ಲದೆ ಬೆಳೆದದ್ದು ಇದಕ್ಕೆ ಸೇರಿಲ್ಲ.

ಈ ಸೌದೆ ಎಲ್ಲಿಂದ ಬರುತ್ತದೆ? ಬೇಲಿಯ ಮರ, ತೋಟದ ಸಿಲ್ವರ್ ಓಕ್, ಹಳೆಯ ಮಾವು, ಹುಣಸೆ, ದೂರದ ಜಿಲ್ಲೆಗಳ ಸರ್ವೆ ಮತ್ತು ನೀಲಗಿರಿ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ಹಳೆಯ ನೀಲಗಿರಿ ಮುಗಿದ ಮೇಲೆ ಬ್ಯಾರನ್ನಿನ ಒಲೆಗೆ ಏನು? ಹುಣಸೂರು, ಕೋಟೆಯ ಗಡಿಗೆ ನಾಗರಹೊಳೆ ಕಾಡಿದೆ, ಕೋಟೆಯ ಇನ್ನೊಂದು ಮಗ್ಗುಲಲ್ಲಿ ಬಂಡೀಪುರವಿದೆ. ಸೌದೆಯ ದರ ಏರಿದಷ್ಟೂ ಕಾಡಂಚಿನ ಮರಗಳ ಮೇಲೆ ಒತ್ತಡ ಹೆಚ್ಚುತ್ತದೆ, ಬೆಳೆಗಾರನ ಖರ್ಚೂ ಹೆಚ್ಚುತ್ತದೆ.

ಏರಿದ ದರದ ಹಿಂದೆ

ಮೂರನೆಯ ಪುರಾವೆ ಮಾರುಕಟ್ಟೆಯದು. 2023–24ರ ಹಂಗಾಮಿನಲ್ಲಿ ಕರ್ನಾಟಕದ ಹರಾಜಿನ ಸರಾಸರಿ ದರ ಕಿಲೋಗೆ 250 ರೂಪಾಯಿ ದಾಟಿತು. ಸೀಮೆಗೆ ಹಣ ಬಂತು, ನಿಜ. ಆ ಏರಿಕೆಯ ಹಿಂದೆ ಬ್ರೆಜಿಲ್ ಮತ್ತು ಜಿಂಬಾಬ್ವೆಯ ಹವಾಮಾನದ ಕಾಟವಿತ್ತು. ಅಲ್ಲಿ ಬೆಳೆ ಕಡಿಮೆಯಾದಾಗ ಇಲ್ಲಿ ದರ ಏರುತ್ತದೆ, ಅಲ್ಲಿ ಬೆಳೆ ತುಂಬಿದರೆ ಇಲ್ಲಿ ಇಳಿಯುತ್ತದೆ. ಹುಣಸೂರಿನ ರೈತನ ವರ್ಷದ ದುಡಿಮೆಗೆ ಬೆಲೆ ಕಟ್ಟುವುದು ಅವನು ಎಂದೂ ಕಾಣದ ದೇಶದ ಮಳೆ.

ದೀರ್ಘಕಾಲದ ದಿಕ್ಕು ಇನ್ನೂ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು, 2005ರ ಫೆಬ್ರುವರಿಯಲ್ಲಿ ಅದು ಜಾರಿಗೆ ಬಂತು. ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009–10ರಲ್ಲಿ ಶೇ 34.6 ಇತ್ತು, 2016–17ಕ್ಕೆ ಶೇ 28.6ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಶೇ 28.2ರಿಂದ ಶೇ 22.8ಕ್ಕೆ ಬಂತು. ಇದು ಲಕ್ಷಾಂತರ ಜೀವ ಉಳಿಸುವ ಇಳಿಕೆ, ಎಲ್ಲರೂ ಬಯಸಬೇಕಾದ ಇಳಿಕೆ. ಆದರೆ ಅದೇ ಇಳಿಕೆಯ ಭಾರ ಒಂದು ದಿನ ರಾಜ್ಯದ ಸುಮಾರು 40 ಸಾವಿರ ಪರವಾನಗಿದಾರ ಕುಟುಂಬಗಳ ಮೇಲೆ, ಅವರ ಹೊಲದ ಕೂಲಿಯವರ ಮೇಲೆ ಬೀಳುತ್ತದೆ. ಅದೇ ಒಪ್ಪಂದದ 17ನೆಯ ವಿಧಿ ಬೆಳೆಗಾರರಿಗೆ ಬದಲಿ ಜೀವನೋಪಾಯಕ್ಕೆ ನೆರವಾಗಬೇಕು ಎನ್ನುತ್ತದೆ. 18ನೆಯ ವಿಧಿ ಅವರ ಆರೋಗ್ಯ ಮತ್ತು ಪರಿಸರದ ರಕ್ಷಣೆಯನ್ನು ಹೇಳುತ್ತದೆ. ಸಹಿ ಹಾಕಿದ ಸರ್ಕಾರಕ್ಕೆ ಈ ಎರಡೂ ಕರ್ತವ್ಯಗಳೇ.

ರೈತ ಹೊಗೆಸೊಪ್ಪನ್ನು ಬಿಡದಿರುವುದಕ್ಕೆ ಕಾರಣವಿದೆ. ಮಳೆಯಾಶ್ರಿತ ಹೊಲಕ್ಕೆ ಹೊಂದುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ಹರಾಜಿನಲ್ಲಿ ಕೊಳ್ಳುವವರು ಇದ್ದೇ ಇರುತ್ತಾರೆ, ದುಡ್ಡು ಖಾತೆಗೆ ಬರುತ್ತದೆ. ಅವರೆಯಂಥ ಬೆಳೆಗೆ ಇಂಥ ಏರ್ಪಾಡಿಲ್ಲ. ಬಿಟ್ಟವರಲ್ಲಿ ಹಲವರು ಶುಂಠಿಗೆ ಹೋದರು. ಅದು ಒಂದು ವರ್ಷ ಕೈ ಹಿಡಿದು ಇನ್ನೊಂದು ವರ್ಷ ಕೈ ಬಿಡುವ ಬೆಳೆ. ಗಡ್ಡೆ ಕೊಳೆ ರೋಗ ಬಂದರೆ ಹೂಡಿದ ಬಂಡವಾಳವೇ ಹೋಗುತ್ತದೆ.

2015 ಕಲಿಸಿದ ಪಾಠ

ಶಾಸನಸಭೆಯ ಮಾತು ತಪ್ಪು ದಿಕ್ಕಿಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾವು ಈಗಾಗಲೇ ನೋಡಿದ್ದೇವೆ. ಸಿಗರೇಟು ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಲೋಕಸಭೆಯ ಅಧೀನ ಶಾಸನ ಸಮಿತಿ ಅದನ್ನು ತಡೆಹಿಡಿಯುವಂತೆ ಹೇಳಿತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನುವ ಅಧ್ಯಯನಗಳೆಲ್ಲ ಹೊರದೇಶದವು, ಭಾರತದವಿಲ್ಲ ಎಂಬ ಮಾತು ಸಮಿತಿಯ ಅಧ್ಯಕ್ಷರಾಗಿದ್ದ ದಿಲೀಪ್ ಗಾಂಧಿ ಅವರಿಂದಲೇ ಬಂತು. ಭಾರತದಲ್ಲೇ ದಶಕಗಳ ಕಾಲ ನಡೆದ ಬಾಯಿ ಕ್ಯಾನ್ಸರ್ ಅಧ್ಯಯನಗಳು ಆಗಲೂ ಇದ್ದವು. ನಿಯಮಕ್ಕೆ ಎದುರಾಗಿ ಮುಂದಿಟ್ಟ ವಾದಗಳಲ್ಲಿ ಬೆಳೆಗಾರನ ಬದುಕೂ ಒಂದು. ನಿಯಮ ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ರಂದು ಜಾರಿಗೆ ಬಂತು.

ಆ ತಡದಿಂದ ಬೆಳೆಗಾರನಿಗೆ ಏನು ಸಿಕ್ಕಿತು? 2015ರಲ್ಲೇ ತಂಬಾಕಿನ ದರ ಕುಸಿಯಿತು. ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲೂ ನಮ್ಮ ಮೈಸೂರು ಸೀಮೆಯಲ್ಲೂ ಬೆಳೆಗಾರರು ಆತ್ಮಹತ್ಯೆ ಮಾಡಿಕೊಂಡ ವರದಿಗಳು ಬಂದವು. ಪೊಟ್ಟಣದ ಮೇಲಿನ ದೊಡ್ಡ ಚಿತ್ರ ಇನ್ನೂ ಬಂದಿರಲಿಲ್ಲ, ದರ ಬಿದ್ದಾಗಿತ್ತು. ರೈತನ ಹೆಸರು ಹೇಳಿ ಆರೋಗ್ಯದ ನಿಯಮವನ್ನು ಮುಂದೂಡಿದ ಮಾತು ರೈತನನ್ನು ಉಳಿಸಲಿಲ್ಲ. ಪ್ರತಿ ಹಂಗಾಮಿನಲ್ಲೂ ಕೇಳಿಬರುವ ಇನ್ನೊಂದು ಬೇಡಿಕೆ ನಿಗದಿಗಿಂತ ಹೆಚ್ಚು ಬೆಳೆದ ತಂಬಾಕಿನ ದಂಡ ಮನ್ನಾ. ಅದು ಆ ವರ್ಷದ ನೋವಿಗೆ ನ್ಯಾಯವಾದ ಮದ್ದು. ಮುಂದಿನ ಹತ್ತು ವರ್ಷಕ್ಕೆ ಅದು ಮದ್ದಾಗುವುದಿಲ್ಲ.

ಭಾಷಣದ ಕಡತ ಓದುವ ಬಗೆ

ಈ ಸೀಮೆಯ ಬಹುಭಾಗವನ್ನು ಒಬ್ಬರೇ ಪ್ರತಿನಿಧಿಸಿದ ಉದಾಹರಣೆಯೊಂದು ನಮ್ಮ ಮುಂದಿದೆ. ಕೆ.ಆರ್. ನಗರ ತಾಲ್ಲೂಕಿನ ಅಡಗೂರಿನ ಎಚ್. ವಿಶ್ವನಾಥ್ 1978, 1989 ಮತ್ತು 1999ರಲ್ಲಿ ಕೆ.ಆರ್. ನಗರದ ಶಾಸಕರಾದರು. 2009ರಲ್ಲಿ ಮೈಸೂರಿನ ಸಂಸದರಾದರು. ಹುಣಸೂರು, ಪಿರಿಯಾಪಟ್ಟಣ ಆಗ ಅವರ ವ್ಯಾಪ್ತಿಗೆ ಬಂದವು. 2018ರಲ್ಲಿ ಹುಣಸೂರಿನ ಶಾಸಕರಾದರು. ಮರುವರ್ಷ ಅನರ್ಹತೆ, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಸೋಲು. 2020ರ ಜುಲೈನಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ. ಅನರ್ಹಗೊಂಡ ಮೇಲೆ ಚುನಾವಣೆ ಗೆಲ್ಲದೆ ನಾಮಕರಣದಿಂದ ಬಂದ ಅವರು ಸಚಿವರಾಗುವಂತಿಲ್ಲ ಎಂದು ಅದೇ ವರ್ಷದ ನವೆಂಬರ್ 30ರಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆರು ವರ್ಷದ ಅವಧಿ 2026ರ ಜುಲೈವರೆಗೆ.

ಸಚಿವಗಿರಿಯ ದಾರಿ ಮುಚ್ಚಿದ ನಾಮಕರಣ ಸದಸ್ಯರಿಗೆ ಉಳಿಯುವ ಬಲ ಸದನದ ಮಾತು. ಅವರಿಗೆ ಮತದಾರರ ಒತ್ತಡವಿಲ್ಲ, ಮರುಚುನಾವಣೆಯ ಭಯವಿಲ್ಲ. ಪಕ್ಷದ ಗೆರೆ ದಾಟಿ ನೇರವಾಗಿ ಮಾತನಾಡುವವರೆಂಬ ಹೆಸರು ವಿಶ್ವನಾಥ್ ಅವರಿಗಿದೆ, ಆ ನೇರ ಮಾತು ಸುದ್ದಿಯೂ ಆಗುತ್ತದೆ. ಆದರೆ ಅವರದಾಗಲಿ, ಸ್ಥಳೀಯ ಸಂಸ್ಥೆಗಳಿಂದ ಗೆದ್ದವರದಾಗಲಿ, ರಾಜ್ಯಸಭೆಯ 12 ಮಂದಿಯದಾಗಲಿ, ಕಡತ ತೆರೆಯುವ ನಾಗರಿಕ ಸುದ್ದಿಯಾದ ಮಾತುಗಳನ್ನು ಪಕ್ಕಕ್ಕಿಟ್ಟು ನೋಡಬೇಕು.

ಹಾಜರಾತಿಯ ದಿನಗಳು, ಪ್ರಶ್ನೆಗಳ ಒಟ್ಟು ಸಂಖ್ಯೆ ಹೇಳುವುದು ಅರ್ಧ ಕತೆ. ಪ್ರಶ್ನೆ ಚುಕ್ಕೆ ಗುರುತಿನದೋ ಅಲ್ಲವೋ ನೋಡಬೇಕು. ಚುಕ್ಕೆ ಗುರುತಿದ್ದರೆ ಸಚಿವರು ಎದ್ದು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಪರಿಷತ್ತಿನಲ್ಲಿ ನಿಯಮ 72ರಡಿ ಗಮನ ಸೆಳೆದರೋ, ನಿಯಮ 330ರಡಿ ಚರ್ಚೆ ಕೇಳಿದರೋ ನೋಡಬೇಕು. ಉತ್ತರದಲ್ಲಿ ಅಂಕಿ ಬಂತೋ, 'ಪರಿಶೀಲಿಸಲಾಗುವುದು' ಎಂಬ ಒಂದೇ ಪದ ಬಂತೋ ಓದಬೇಕು. ಸಚಿವರು ಭರವಸೆ ಕೊಟ್ಟಿದ್ದರೆ ಅದು ಸರ್ಕಾರಿ ಭರವಸೆಗಳ ಸಮಿತಿಗೆ ಹೋಗಿ ಈಡೇರಿತೋ ಎಂದು ಹಿಂಬಾಲಿಸಬೇಕು. ಒಂದೇ ವಿಷಯವನ್ನು ಮೂರು ಅಧಿವೇಶನ ಬೆನ್ನು ಹತ್ತಿದ ಸದಸ್ಯ, ಮೂವತ್ತು ವಿಷಯಗಳಿಗೆ ಒಂದೊಂದು ಪ್ರಶ್ನೆ ಎಸೆದ ಸದಸ್ಯನಿಗಿಂತ ಹೆಚ್ಚು ಕೆಲಸ ಮಾಡಿರುತ್ತಾನೆ.

ಸದನಕ್ಕೆ ಸಮಯವೂ ಬೇಕು. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು ಕರ್ನಾಟಕವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿತು. ಬಹುತೇಕ ವರ್ಷಗಳಲ್ಲಿ ಆ ಗೆರೆಯನ್ನು ಮುಟ್ಟಿಲ್ಲ. 2020ರ ಡಿಸೆಂಬರ್ 15ರಂದು ಪರಿಷತ್ತಿನ ಉಪಸಭಾಪತಿಯನ್ನು ಪೀಠದಿಂದ ಎಳೆದಿಳಿಸಿದ ದೃಶ್ಯವನ್ನು ಇಡೀ ದೇಶ ನೋಡಿತು. ಗದ್ದಲದಲ್ಲಿ ಕಳೆದ ಪ್ರತಿ ಗಂಟೆಯೂ ಯಾವುದೋ ಸೀಮೆಯ ಪ್ರಶ್ನೆಯನ್ನು ನುಂಗುತ್ತದೆ.

ಆರು ವರ್ಷದ ಕೆಲಸ

ಹೊಗೆಸೊಪ್ಪಿನಿಂದ ಹೊರಬರುವುದು ಒಂದು ಹಂಗಾಮಿನ ಮಾತಲ್ಲ. ತೆಂಗು, ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಸೌದೆಗೆಂದೇ ನೆಟ್ಟ ಸರ್ವೆ ಕಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಬದಲಿ ಬೆಳೆಗೆ ಕೊಳ್ಳುವ ವ್ಯವಸ್ಥೆ ಕಟ್ಟಲು ಅಷ್ಟೇ ಕಾಲ ಬೇಕು. ಮೇಲ್ಮನೆಯ ಸದಸ್ಯರ ಅವಧಿ ಆರು ವರ್ಷ, ಮೇಲ್ಮನೆ ಒಮ್ಮೆಗೇ ವಿಸರ್ಜನೆಯಾಗುವುದೂ ಇಲ್ಲ. ಇಂಥ ದೀರ್ಘ ಕೆಲಸದ ಬೆನ್ನು ಹತ್ತಲು ಅದಕ್ಕಿಂತ ತಕ್ಕ ಪೀಠ ನಮ್ಮ ವ್ಯವಸ್ಥೆಯಲ್ಲಿಲ್ಲ.

ಕೇಳಬೇಕಾದ ಪ್ರಶ್ನೆಗಳು ಸಿದ್ಧವಾಗಿವೆ. 2015–16ರಿಂದ ಕೇಂದ್ರದ ಬೆಳೆ ವೈವಿಧ್ಯ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ 10 ತಂಬಾಕು ರಾಜ್ಯಗಳಿಗೆ ವಿಸ್ತರಿಸಲಾಯಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಅದರ ಹಣ ಎಷ್ಟು ಖರ್ಚಾಗಿದೆ, ಎಷ್ಟು ಎಕರೆ ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಗೆ ಬಂದಿದೆ, ಬಂದವರು ಅಲ್ಲೇ ಉಳಿದರೇ? ಹಂಗಾಮಿನ ಮೂರು ತಿಂಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಸಿ ತಂಬಾಕಿನ ಕಾಯಿಲೆಯನ್ನು ಬೇರೆಯಾಗಿ ದಾಖಲಿಸುತ್ತಿವೆಯೇ? ಬ್ಯಾರನ್‌ಗಳಿಗೆ ಬೇಕಾದ ಸೌದೆ ಎಷ್ಟು, ಅದರಲ್ಲಿ ನೆಟ್ಟು ಬೆಳೆಸಿದ್ದೆಷ್ಟು? ದರ ಕುಸಿದ ವರ್ಷ ಪರವಾನಗಿದಾರನಿಗೂ ಕೂಲಿಯವರಿಗೂ ನೆರವಾಗುವ ನಿಧಿ ಇದೆಯೇ? ಕೃಷಿ, ಆರೋಗ್ಯ, ಅರಣ್ಯ ರಾಜ್ಯದ ಇಲಾಖೆಗಳು. ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ್ದು. ಎರಡೂ ಮೇಲ್ಮನೆಗಳಲ್ಲಿ ಈ ಪ್ರಶ್ನೆಗಳು ಒಟ್ಟಿಗೆ ಏಳಬೇಕು. ಒಂದೇ ಕಡೆ ಎದ್ದರೆ ರಾಜ್ಯ ಕೇಂದ್ರದತ್ತ, ಕೇಂದ್ರ ರಾಜ್ಯದತ್ತ ಕೈ ತೋರಿಸಿ ಮುಗಿಸುತ್ತವೆ.

ಮೈಸೂರು–ಚಾಮರಾಜನಗರ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ 2021ರ ಡಿಸೆಂಬರ್‌ನಲ್ಲಿ ಗೆದ್ದ ಇಬ್ಬರ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಆ ಚುನಾವಣೆಯ ಮತದಾರರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿ ಸದಸ್ಯರು. ಅವರಲ್ಲಿ ಎಷ್ಟೋ ಮಂದಿಯ ಮನೆಯ ಹಿಂದೆಯೇ ಬ್ಯಾರನ್ ಇದೆ, ಅವರ ಮನೆಯವರೇ ತೊಯ್ದ ಎಲೆ ಮುರಿಯುತ್ತಾರೆ. ಮತ ಕೇಳಲು ಬಂದವರ ಮುಂದೆ ಸದನದ ಕಡತ ಇಡಿ. ಹೊಗೆಸೊಪ್ಪಿನ ಬಗ್ಗೆ ಏನು ಕೇಳಿದ್ದೀರಿ, ಏನು ಉತ್ತರ ಬಂತು, ಆಮೇಲೆ ಏನು ಮಾಡಿದಿರಿ ಎಂದು ಕೇಳಿ. ಹೊಸಬರಾದರೆ ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಮೊದಲ ಅಧಿವೇಶನದಲ್ಲೇ ಎತ್ತುವ ಮಾತು ಪಡೆಯಿರಿ. ದರ ಚೆನ್ನಾಗಿರುವಾಗಲೇ ಈ ಕೆಲಸ ಶುರುವಾಗಬೇಕು. ಬಿದ್ದ ಮೇಲೆ ಎತ್ತುವ ದನಿ 2015ರಲ್ಲಿ ಯಾರನ್ನೂ ಉಳಿಸಲಿಲ್ಲ.